ಪರಪ್ಪನ ಕಂಚಿನ ಮಾತು

ಮುದ್ದೇಬಿಹಾಳದ ಮಾವ ಗುರಪ್ಪನ ಮನೆಯ ಹೊಸ್ತಿಲು ದಾಟಿ ಇನ್ನು ಮುಂದೆ ಒಳಗೆ ಬರುವುದಿಲ್ಲ ಎಂದು ಇಂಡಿ ಊರಿನ ಪರಪ್ಪ ಮಾತು ಕೊಟ್ಟದ್ದು ಮದುವೆಯಾದ ಮೊದಲ ದೀಪಾವಳಿಯಂದು, ಬಾಯಲ್ಲಿ ಅರ್ಧ ಹೋಳಿಗೆ ಇದ್ದಾಗ. ಆಗ ಮುದ್ದೇಬಿಹಾಳ ಇನ್ನೂ ಮುಂಬೈ ರಾಜ್ಯದಲ್ಲಿತ್ತು, ರೂಪಾಯಿಗೆ ಹದಿನಾರು ಆಣೆ ಇದ್ದವು, ಪರಪ್ಪನ ತಲೆಯ ಮೇಲೆ ಕೂದಲೂ ಇದ್ದವು.

ಇದರಲ್ಲಿ ಪರಪ್ಪನದು ವಿಶೇಷ ತಪ್ಪೇನೂ ಇಲ್ಲ. ಹೊಸ ಅಳಿಯನಾದವನು ಮೊದಲ ಹಬ್ಬಕ್ಕೆ ಮಾವನ ಮನೆಗೆ ಹೋದಾಗ ಒಂದು ಸಲ ಸೆಡವು ಮಾಡಲೇಬೇಕು. ಊಟ ಬಿಟ್ಟು ಎದ್ದು ನಿಲ್ಲಬೇಕು. ಅತ್ತೆ ಸೆರಗೊಡ್ಡಬೇಕು, ಮಾವ ಉಂಗುರವನ್ನೋ ವಾಚನ್ನೋ ತಂದು ಮುಂದೆ ಹಿಡಿಯಬೇಕು, ಅಳಿಯ "ನನಗಿದೆಲ್ಲಾ ಯಾಕ ಬೇಕಾಗಿತ್ತರಿ" ಎನ್ನುತ್ತ ಕೈ ಚಾಚಬೇಕು. ಇದು ಪದ್ಧತಿ. ಸೆಡವು ಮಾಡದ ಅಳಿಯನನ್ನು ಕಂಡರೆ ಹುಡುಗನಿಗೆ ಏನೋ ಊನವಿದೆ ಎಂದು ಬೀಗರೇ ಚಿಂತೆ ಮಾಡುವ ಸೀಮೆ ಅದು.

ಸೆಡವಿಗೆ ಕಾರಣವೂ ಗಟ್ಟಿಯಾಗಿತ್ತು. ಊಟಕ್ಕೆ ಕೂತಾಗ ಬಸವನ ಬಾಗೇವಾಡಿಯ ಹಿರಿಯ ಅಳಿಯನ ಮುಂದೆ ಕಂಚಿನ ಗಂಗಾಳ ಇಟ್ಟಿದ್ದರು. ಪರಪ್ಪನ ಮುಂದೆ ಹಿತ್ತಾಳೆಯದು. ಬೇರೆ ಯಾರಾದರೂ ಆಗಿದ್ದರೆ ಗಂಗಾಳದಲ್ಲಿದ್ದದ್ದನ್ನು ನೋಡಿ ಸುಮ್ಮನೆ ಉಣ್ಣುತ್ತಿದ್ದರು. ಆದರೆ ಪರಪ್ಪ ಇಂಡಿಯಲ್ಲಿ ಅಬ್ದುಲರಜಾಕ ಸಾವಕಾರರ ಬಾಂಡೆ ಅಂಗಡಿಯಲ್ಲಿ ಪಾತ್ರೆ ಮಾರುವ ಕೆಲಸಕ್ಕಿದ್ದವನು. ಕಂಚು, ಹಿತ್ತಾಳೆ, ತಾಮ್ರಗಳ ಜಾತಿ ಕುಲ ಬಲ್ಲವನು. ಬೆರಳಿನಿಂದ ಹಿತ್ತಾಳೆಯ ಅಂಚಿಗೆ ಹೊಡೆದ. ಅದು 'ಟಪ್' ಎಂದಿತು. ಪಕ್ಕದಲ್ಲಿ ಹಿರಿಯ ಅಳಿಯ ಬೇಕೆಂದೇ ತನ್ನದಕ್ಕೆ ಹೊಡೆದ. ಅದು 'ಠಣ್ಣ್' ಎಂದು ಓಣಿಯ ತನಕ ಹೋಯಿತು.

ಪರಪ್ಪ ಎದ್ದ.

"ಮಾವಾರ, ನಾ ಇನ್ನ ಈ ಮನಿ ಹೊಸ್ತಿಲ ದಾಟಿ ಒಳಗ ಬರೂದಿಲ್ಲ. ನಾ ಹಿತ್ತಾಳಿ ಅಲ್ಲ. ನನ್ನ ಮಾತು ಕಂಚಿನ ಮಾತು. ಬಾಗೂದಿಲ್ಲ!"

ಇಷ್ಟು ಹೇಳಿ, ಮಾವ ಬಂದು ರಟ್ಟೆ ಹಿಡಿದಾಗ ಅನುಕೂಲವಾಗಲೆಂದು ಎಡಗೈಯನ್ನು ಸ್ವಲ್ಪ ಮುಂದಕ್ಕೇ ಇಟ್ಟುಕೊಂಡು ನಿಂತ.

ಗುರಪ್ಪ ಕಡಿಮೆ ಮಾತಿನ ಮನುಷ್ಯ. ಊರಿನಲ್ಲಿ ಅವನ ಮಾತಿಗೆ ಕಾಗದ ಕೇಳುತ್ತಿರಲಿಲ್ಲ. ಅವನು ಅಳಿಯನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ. ಕಣ್ಣಲ್ಲಿ ನೀರು ಬಂದಂತಿತ್ತು.

"ಭಲೆ!" ಅಂದ. "ಗಂಡಸಿನ ಮಾತು ಅಂದ್ರ ಇದು. ಆತ್ರಿ ಅಳ್ಯಾರ. ನಿಮ್ಮ ಮಾತು ಉಳಿಸೂದು ಇನ್ನ ನನ್ನ ಕೆಲಸ."

ಪರಪ್ಪನ ಬಾಯಿಂದ ಹೋಳಿಗೆ ಬಿತ್ತು. ಅತ್ತೆ ಶಂಕ್ರೆವ್ವ ಸೆರಗು ಒಡ್ಡಲು ಎದ್ದವಳು ಸೆರಗು ಹಿಡಿದುಕೊಂಡೇ ನಿಂತಳು. ಅಡಿಗೆಮನೆಯ ಬಾಗಿಲಲ್ಲಿ ಹೊಸ ಹೆಂಡತಿ ಲಕ್ಕವ್ವ ಹಣೆ ಬಡಿದುಕೊಂಡದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಹಾಗೆ ಶುರುವಾಯಿತು. ಅಳಿಯ, ಮಾವ ಕರೆಯಲಿ ಎಂದು ಕಾಯುವವನು; ಮಾವ, ಕರೆದರೆ ಅಳಿಯನ ಮರ್ಯಾದೆ ಹೋದೀತು ಎಂದು ತಡೆದುಕೊಳ್ಳುವವನು. ಗುರಪ್ಪ ಬಜಾರಿನಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದ: "ದೊಡ್ಡ ಅಳ್ಯಾರು ಚಲೋದಾರ. ಆದ್ರ ಸಣ್ಣಾರು ಅದಾರಲ್ಲ, ಕಂಚು!" ಈ ಹೊಗಳಿಕೆ ಕಿವಿಗೆ ಬಿದ್ದಾಗ ಪರಪ್ಪನಿಗೆ ಖುಷಿಯಾಗುತ್ತಿತ್ತು, ಹಸಿವೂ ಆಗುತ್ತಿತ್ತು. ಪ್ರತಿ ಹಬ್ಬಕ್ಕೂ ಅವನಿಗೆ ಮಾವನ ಮನೆಯ ಹೊರಗಿನ ಕಟ್ಟೆಯ ಮೇಲೆ ಚಾಪೆ. ಒಳಗಿನವರಿಗೆಲ್ಲ ಬಿಸಿ ರೊಟ್ಟಿ. ಹೊಸ್ತಿಲು ದಾಟಿ, ಪಡಸಾಲೆ ದಾಟಿ ಹೊರಗೆ ಬರುವಷ್ಟರಲ್ಲಿ ಅದೇ ರೊಟ್ಟಿ ಖಡಕ್ ಆಗಿ, ಮುರಿದರೆ ಎದುರು ಮನೆಯವರು ತಿರುಗಿ ನೋಡುವಂತಿರುತ್ತಿತ್ತು. ರಾತ್ರಿ ಮಲಗಲು ಎದುರು ಮನೆಯೇ ಗತಿ. ಅದು ಬಡಿಗ ದಸ್ತಗೀರಸಾಬನದು. ಅವನ ಹೆಂಡತಿ ಸುಲ್ತಾನಬಿ ಹಾಸಿಗೆ ಹಾಸುತ್ತ ಅನ್ನುತ್ತಿದ್ದಳು:

"ಅಳ್ಯಾರ, ಮಾವನ ಮನಿಗೆ ಬರ್ತೀರಿ, ನಮ್ಮ ಮನ್ಯಾಗ ಮಲಗ್ತೀರಿ. ಹೆಂಡ್ತಿ ಅಲ್ಲಿ, ಗೊರಕಿ ಇಲ್ಲಿ. ಎಂಥಾ ಕಂಚೋ ನಿಮ್ದು!"

ಪರಪ್ಪ ಮನುಷ್ಯನಲ್ಲವೆ? ಎರಡನೇ ವರ್ಷಕ್ಕೇ ಮಾತನ್ನು ಸ್ವಲ್ಪ ಎಳೆದು ನೋಡಿದ. ತಾನು ಹೇಳಿದ್ದು ಹೊಸ್ತಿಲು. ಹಿತ್ತಲ ಬಾಗಿಲಿಗೆ ಹೊಸ್ತಿಲೇ ಇಲ್ಲವಲ್ಲ! ಆ ಸಲದ ಯುಗಾದಿಗೆ ಹಿತ್ತಲಿಂದ ಬಂದು, ಎಮ್ಮೆಯ ಪಕ್ಕದಲ್ಲಿ ನಿಂತು, ಒಂದು ಕಾಲು ಒಳಗಿಡುವಷ್ಟರಲ್ಲಿ ಗುರಪ್ಪ ಕಂಡ. ಗುರಪ್ಪನಿಗೆ ಆಘಾತವಾಯಿತು. ಅಳಿಯ ದಾರಿ ತಪ್ಪಿ ಬಂದನೆಂದೇ ಅವನು ತಿಳಿದ.

"ಅಳ್ಯಾರ! ಅಳ್ಯಾರ! ಕಾಲ ತಗೀರಿ! ಈಗ ನಿಮ್ಮ ಮಾತು ಹೋಗತಿತ್ತಲ್ಲರಿ!"

ಮರುದಿನವೇ ದಸ್ತಗೀರಸಾಬನನ್ನು ಕರೆಸಿ ಹಿತ್ತಲ ಬಾಗಿಲಿಗೂ ಜಾಲಿಯ ಹೊಸ್ತಿಲು ಕೂರಿಸಿದ. ಉಳಿ ಬಡಿಯುತ್ತ ದಸ್ತಗೀರಸಾಬ, "ಊರಾಗ ಎಲ್ಲಾರೂ ಕಳ್ಳರು ಬರಬಾರದಂತ ಬಾಗಿಲ ಹಚ್ಚತಾರ. ನೀ ಅಳ್ಯಾ ಬರಬಾರದಂತ ಹೊಸ್ತಿಲ ಹಚ್ಚಾಕತ್ತೀಯಲ್ಲೋ ಗುರಪ್ಪಾ" ಎಂದರೆ ಗುರಪ್ಪ, "ನಿನಗ ತಿಳಿಯೂದಿಲ್ಲ. ಮನಷ್ಯಾ ಮಾತು ಕೊಟ್ಟಾನ. ಎಂದಾರ ಮೈಮರತು ದಾಟಿದ ಅಂದ್ರ ಅವನ ಗತಿ ಏನು?" ಎಂದ.

ವರ್ಷಗಳು ಹೋದವು. ಮಕ್ಕಳಾಗಲಿಲ್ಲ. ಶಂಕ್ರೆವ್ವ ಗುಡಿಗಳಿಗೆ ಹರಕೆ ಹೊತ್ತಳು, ಸುಲ್ತಾನಬಿ ದರ್ಗಾಗಳಲ್ಲಿ ಸಕ್ಕರೆ ಇಟ್ಟು ಓದಿಸಿದಳು. ಇದರ ನಡುವೆ ರಾಜ್ಯ ಬದಲಾಯಿತು, ನಾಣ್ಯ ಬದಲಾಯಿತು, ಪರಪ್ಪನ ಕೂದಲು ಹೋದವು. ಮಾತು ಮಾತ್ರ ಮಾವನ ಕಾವಲಿನಲ್ಲಿ ಕೂದಲೆಳೆಯಷ್ಟೂ ಕೊಂಕದೆ ಉಳಿಯಿತು. ಅಂಗಡಿಯಲ್ಲಿ ಪರಪ್ಪ ಗಿರಾಕಿಗಳಿಗೂ ಅದೇ ಪಾಠ ಒಪ್ಪಿಸುತ್ತಿದ್ದ:

"ಹಿತ್ತಾಳಿ ಕೊಡಾ ಒಯ್ಯಿರಿ, ನಾಳೆ ಬಾವಿ ಕಟ್ಟಿಗೆ ಬಡದ್ರ ತಗ್ಗು. ಕಂಚು ಒಯ್ಯಿರಿ, ಬಾಗೂದಿಲ್ಲ ಅಂದ್ರ ಬಾಗೂದಿಲ್ಲ."

"ಬಾಗೂದಿಲ್ಲ ಖರೆ," ಎಂದಳು ಒಮ್ಮೆ ಶಮ್ಶುನ್ನೀಸಾ ಎಂಬ ಗಿರಾಕಿ. "ಕೈ ಜಾರಿ ಬಿದ್ರ?"

"ಕೈ ಜಾರಸಬಾರದು."

"ಹಂಗಾರ ಹಿತ್ತಾಳಿನ ಕೊಡು. ಮನ್ಯಾಗ ಆರು ಹುಡುಗರದಾವ."

ಕೊನೆಗೂ ಲಕ್ಕವ್ವ ಬಸಿರಾದಳು. ಮುದ್ದೇಬಿಹಾಳದಲ್ಲಿ ತವರಿನ ಕುಬಸ, ಅಂದರೆ ಸೀಮಂತ, ಇಟ್ಟರು. ಕುಬಸವೆಂದರೆ ಗಂಡ ಹೆಂಡತಿಯ ಪಕ್ಕದಲ್ಲಿ ಕೂರಬೇಕು, ಮನೆಯೊಳಗೇ ಕೂರಬೇಕು. ಪರಪ್ಪ ಈ ಸಲವಾದರೂ ಮಾವ ಕರೆದಾನು ಎಂದು ಕಟ್ಟೆಯ ಮೇಲೆ ಕೆಮ್ಮಿದ. ಗುರಪ್ಪ ಕರೆಯಲಿಲ್ಲ. ಬದಲಿಗೆ ತಾನೇ ಬಂದು ಭುಜ ತಟ್ಟಿ, "ನಿಮ್ಮ ಸಂಕಟ ನನಗ ತಿಳೀತೈತ್ರಿ ಅಳ್ಯಾರ. ಗಟ್ಟಿ ಹಿಡೀರಿ" ಎಂದು ಹೋದ.

ಆಗ ಸುಲ್ತಾನಬಿಯೇ ಉಪಾಯ ಹೇಳಿದಳು. "ಹೊಸ್ತಿಲ ದಾಟೂದಿಲ್ಲ ಅಂದೀರಿ. ಮಾಳಗಿ ಮ್ಯಾಲಿಂದ ಇಳದ್ರ ಯಾವ ಹೊಸ್ತಿಲಾ?"

ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ದಸ್ತಗೀರಸಾಬ ಬಾವಿಯ ಹಗ್ಗ ತಂದ. ಪರಪ್ಪ ಹೊಸ ರುಮಾಲು ಸುತ್ತಿಕೊಂಡು ಕಾಲಿನ ಕಡೆಯಿಂದ ಇಳಿದ. ಬೆಳಕಿಂಡಿ ತೆಗೆದವರು ಬೆಳಕಿನ ಅಳತೆಗೆ ತೆಗೆದಿದ್ದರು, ಬಾಂಡೆ ಅಂಗಡಿಯಲ್ಲಿ ಕೂತು ಬೆಳೆದ ಹೊಟ್ಟೆಯ ಅಳತೆಗಲ್ಲ. ಅವನು ನಡುವಿಗೆ ಸಿಕ್ಕಿಬಿದ್ದ. ಕೆಳಗೆ ಹಾಡು ಹೇಳುತ್ತಿದ್ದ ಹೆಂಗಸರ ನೆತ್ತಿಯ ಮೇಲೆ ಮೊದಲು ಮಣ್ಣು ಉದುರಿತು, ಆಮೇಲೆ ಎರಡು ಕಾಲು ಬಂದವು. ಒಬ್ಬಳು ಚೀರಿದಳು. ಇನ್ನೊಬ್ಬಳು ಅಕ್ಕಿ ಬುಟ್ಟಿ ಚೆಲ್ಲಿದಳು. ಲಕ್ಕವ್ವ ಮಾತ್ರ ಕತ್ತೆತ್ತಿ ನೋಡಿ, "ಹೌದು, ನಮ್ಮವರ ಅವ. ಎಡಗಾಲ ಹಿಮ್ಮಡಿ ಒಡದೈತಿ" ಎಂದಳು. ಮುಹೂರ್ತ ಮೀರುತ್ತಿತ್ತು. ಮುತ್ತೈದೆಯರು ಬೇರೆ ದಾರಿ ಕಾಣದೆ ಆ ಕಾಲುಗಳಿಗೇ ಕುಂಕುಮ ಹಚ್ಚಿ, ಆರತಿ ಎತ್ತಿ ಕುಬಸ ಮುಗಿಸಿದರು. ಮೇಲೆ ಪರಪ್ಪನ ಮುಖದ ಮುಂದೆ ಒಂದು ಕಾಗೆ ಕೂತಿತ್ತು.

ಅವನನ್ನು ಎಳೆದು ತೆಗೆದ ಮೇಲೆ ಗುರಪ್ಪ ಗದ್ಗದಿತನಾಗಿ ಹೇಳಿದ: "ಪೂರಾ ಒಳಗ ಬರಲಿಲ್ಲರಿ ನೀವು. ಜೀವಾ ಹೋದ್ರೂ ಅರ್ಧಕ್ಕ ತಡದ್ರಿ. ಎಂಥಾ ಮನಷ್ಯಾರಿ!"

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಇಂಡಿಯ ಅಂಗಡಿಯ ಮುಂದೆ ಸರ್ವಿಸ್ ಮೋಟಾರು ಬಂದು ನಿಂತಿತು. ಅದರ ಡ್ರೈವರ ಶಮಶುದ್ದೀನ ಬೆಳಿಗ್ಗೆ ಮುದ್ದೇಬಿಹಾಳದಿಂದ ಹೊರಟವನು. ಹಾರ್ನಿನ ಮೇಲಿನ ಕೈ ತೆಗೆಯದೆ ಕೂಗಿದ:

"ಪರಪ್ಪಣ್ಣಾ! ಗಂಡು ಹುಟ್ಟೇತಿ! ಪೇಢೆ ತಗಿ!"

ಪರಪ್ಪ ಕೈಯಲ್ಲಿದ್ದ ತಕ್ಕಡಿ ಬಿಟ್ಟ.

"ಯಾರ ಹೇಳಿದ್ರು?"

"ಹೇಳೂದೇನು? ನಸಿಕಿನ್ಯಾಗ ಮಾವಾರು ತಾವ ಕಟ್ಟಿ ಮ್ಯಾಲೆ ನಿಂತು ಗಂಗಾಳ ಬಾರಿಸ್ಯಾರ. ಸ್ಟ್ಯಾಂಡಿನ ತನಾ ಕೇಳೇತಿ. ಮತ್ತ ಇನ್ನೊಂದ ಮಾತು... ಹೇಳಬೇಕೋ ಬ್ಯಾಡೋ..."

"ಹೇಳೋ ಮಾರಾಯಾ!"

"ಗಂಗಾಳ ಒಡೀತು. ಕಂಚಿಂದು. ಒನಕಿಲೆ ಬಡದ್ರಂತ. ಮೂರನೇ ಪೆಟ್ಟಿಗೆ ಎರಡು ಹೋಳು."

ಗಂಡು ಹುಟ್ಟಿದರೆ ಗಂಗಾಳ ಬಾರಿಸುವುದು ಎಲ್ಲ ಮನೆಗಳ ಪದ್ಧತಿ; ಅದನ್ನು ಒನಕೆಯಿಂದ ಬಾರಿಸುವುದು ಯಾವ ಮನೆಯ ಪದ್ಧತಿಯೂ ಅಲ್ಲ. ಅದಕ್ಕಿಂತ ಹೆಚ್ಚಾಗಿ ಪರಪ್ಪನ ಎದೆಗೆ ಬಡಿದದ್ದು ಕಂಚು ಒಡೆದ ಸುದ್ದಿ. ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹಿತ್ತಾಳೆ ಏಟು ತಿಂದಾಗೊಮ್ಮೆ ತಗ್ಗು ಬಿದ್ದು, ಸೊಟ್ಟಗಾಗಿ, ಇನ್ನು ಸಾಕು ಎಂದು ಮೊದಲೇ ಹೇಳಿಕೊಳ್ಳುತ್ತದೆ. ಬಡಿದು ನೆಟ್ಟಗೆ ಮಾಡಿದರೆ ಮತ್ತೆ ನೀರು ತರುತ್ತದೆ. ಕಂಚು ಏನೂ ಹೇಳುವುದಿಲ್ಲ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಮಿರಿಮಿರಿ ಮಿಂಚುತ್ತ ಇದ್ದು, ಒಂದು ಏಟಿಗೆ ಹೋಳು. ಆದರೆ ಗಿರಾಕಿಗಳಿಗೆ ಈ ಅರ್ಧ ಭಾಗವನ್ನು ಹೇಳಿ ಅಭ್ಯಾಸವಿಲ್ಲದ್ದರಿಂದ ಅವನಿಗೂ ಅದು ಮರೆತುಹೋಗಿತ್ತು.

ಅಬ್ದುಲರಜಾಕ ಸಾವಕಾರರು ಗಾದಿಯ ಮೇಲಿಂದ, "ನೀ ಮೊದಲ ಊರಿಗೆ ನಡಿಯೋ. ಆದ್ರ ಒಳಗ ಹ್ಯಾಂಗ ಹೋಗ್ತಿ?" ಎಂದರು.

ಪರಪ್ಪನಿಗೂ ಅದೇ ಯೋಚನೆ. ಬಾಣಂತಿ ಹೊರಗೆ ಬರುವಂತಿಲ್ಲ. ಎಳೆಯ ಕೂಸನ್ನು ಗಾಳಿಗೆ ತರುವಂತಿಲ್ಲ. ಬೆಳಕಿಂಡಿಯನ್ನು ಗುರಪ್ಪ ಕುಬಸದ ಮರುದಿನವೇ ಕಬ್ಬಿಣದ ಸರಳು ಹಾಕಿ ಭದ್ರ ಮಾಡಿಸಿದ್ದ. ಎಷ್ಟೋ ವರ್ಷಕ್ಕೆ ಹುಟ್ಟಿದ ತನ್ನ ಕೂಸಿನ ಮುಖ ನೋಡಬೇಕಾದರೆ ಉಳಿದದ್ದು ಎರಡೇ ದಾರಿ, ಎರಡಕ್ಕೂ ಹೊಸ್ತಿಲು.

ಮೋಟಾರು ತಿರುಗಿ ಹೊರಟಿತು. ಶಮಶುದ್ದೀನ ಊರೂರಿಗೆ ಹಾರ್ನ್ ಹಾಕಿ ಗಂಡು ಹುಟ್ಟಿದ್ದನ್ನೂ ಮಾತಿನ ಸಂಕಟವನ್ನೂ ಸಾರುತ್ತ ಹೋದ. ಸಿಂದಗಿಯಲ್ಲಿ ಭೀಮಶ್ಯಾ ವಕೀಲರು ಕರಿಕೋಟು ಹಾಕಿಕೊಂಡು ಹತ್ತಿದರು. ಬಾಗೇವಾಡಿಯ ಕೋರ್ಟಿನಲ್ಲಿ ಮರುದಿನ ಅವರದೊಂದು ಕೇಸಿತ್ತು. ಪರಪ್ಪನ ಕೇಸು ಕೇಳುತ್ತಲೇ ಅವರ ಕಣ್ಣು ಅರಳಿದವು.

"ಮಾತು ಯಾವಾಗ ಕೊಟ್ಟೀರಿ? ಮುಂಬೈ ರಾಜ್ಯ ಇದ್ದಾಗ?"

"ಹೌದ್ರಿ."

"ಈಗ ಯಾವ ರಾಜ್ಯ?"

"ಮೈಸೂರು ರಾಜ್ಯ."

"ಮುಗೀತು! ಆ ಸರಕಾರದಾಗ ಕೊಟ್ಟ ಮಾತು ಈ ಸರಕಾರಕ್ಕ ಯಾಕ ಹತ್ತತೈತಿ? ಗಡಿನ ದಾಟಿ ಬಂದೈತಿ ಊರು, ನೀವು ಹೊಸ್ತಿಲ ದಾಟಾಕ ಹೆದರತೀರಿ!"

ಹಿಂದಿನ ಸೀಟಿನಿಂದ ಒಬ್ಬ ಮುದುಕ, "ವಕೀಲಸಾಹೇಬ್ರ, ಹಂಗಾರ ನಂದು ಲಗ್ನಾನೂ ಮುಂಬೈ ರಾಜ್ಯದಾಗ ಆಗೈತ್ರಿ" ಎಂದು ಆಸೆಯಿಂದ ಕೇಳಿದ. ಅವನ ಪಕ್ಕದ ಮುದುಕಿ ಅವನಿಗೆ ಮೊಳಕೈಯಿಂದ ತಿವಿದಳು.

"ಅಷ್ಟ ಅಲ್ಲ," ಎಂದು ವಕೀಲರು ಮುಂದುವರಿದರು. "ಹೊಸ್ತಿಲ 'ದಾಟೂದಿಲ್ಲ' ಅಂದೀರಿ. ದಾಟೂದಂದ್ರ ಸ್ವಂತ ಕಾಲಿಲೆ ದಾಟೂದು. ಇಬ್ಬರು ಎತ್ತಿ ಒಳಗ ಇಟ್ರ ಅದು ಸಾಗಾಣಿಕಿ. ನೀವು ಅಲ್ಲಿ ಮನಷ್ಯಾ ಅಲ್ಲ, ಮಾಲು!"

ದೇವರ ಹಿಪ್ಪರಗಿ ಬರುವಷ್ಟರಲ್ಲಿ ಮೋಟಾರಿನ ಎಲ್ಲ ಮಂದಿ ಪರಪ್ಪನ ಮಾತಿನ ಒಂದೊಂದು ತುದಿ ಹಿಡಿದು ಎಳೆಯತೊಡಗಿದ್ದರು. ಒಬ್ಬನೆಂದ, ಹಿಮ್ಮುಖವಾಗಿ ನಡೆದರೆ ಅದು ಒಳಗೆ ಹೋಗುವುದಲ್ಲ, ಹೊರಗೆ ಬರುವುದು. ಇನ್ನೊಬ್ಬನೆಂದ, 'ಬಂದ್ರ ನನ್ನ ಹೆಸರು ಪರಪ್ಪ ಅಲ್ಲ' ಅಂತ ಸೇರಿಸಿದ್ದರೆ ಹೆಸರು ಬದಲಿಸಿದರೆ ಸಾಕಾಗುತ್ತಿತ್ತು. ಸೇರಿಸದಿದ್ದದ್ದು ದೊಡ್ಡ ತಪ್ಪು. ತಾಮ್ರದ ತಂತಿಯನ್ನು ಎಳೆದಂತೆ ಆ ಮಾತನ್ನು ಎಳೆದೆಳೆದ ಮೇಲೆ ಅದು ಇಂಡಿಯಿಂದ ಮುದ್ದೇಬಿಹಾಳದ ತನಕ ಬೇಲಿ ಕಟ್ಟುವಷ್ಟು ಉದ್ದವಾಯಿತು. ಬಾಗೇವಾಡಿ ಬಂದಾಗ ವಕೀಲರು ಇಳಿಯಲೇ ಇಲ್ಲ. "ಇಂಥಾ ಕೇಸ್ ಮತ್ತ ಸಿಗೂದಿಲ್ಲ. ಆ ಕೇಸಿಗೆ ತಾರೀಖು ತಗೋಬಹುದು" ಎಂದರು.

ದೀಪ ಹಚ್ಚುವ ಹೊತ್ತಿಗೆ ಗುರಪ್ಪನ ಮನೆಯ ಮುಂದೆ ಅರ್ಧ ಮೋಟಾರು ಬಂದು ನಿಂತಿತು, ಅಂದರೆ ಅದರಲ್ಲಿದ್ದ ಮಂದಿ. ಓಣಿಯವರು ಅದಕ್ಕೆ ಸೇರಿದರು. ಪರಪ್ಪನ ಕೈಯಲ್ಲಿ ಹಂಚುತ್ತ ಬಂದ ಪೇಢೆಯ ಪುಡಿಕೆ. ಬಾಗಿಲಲ್ಲಿ ಗುರಪ್ಪ ನಿಂತಿದ್ದ. ಅವನು ಮುಖ ಬಾಡಿ, ಒಂದೇ ದಿನದಲ್ಲಿ ಮುದುಕನಾದಂತೆ ಕಂಡ. ಕಟ್ಟೆಯ ಮೂಲೆಯಲ್ಲಿ ಕಂಚಿನ ಎರಡು ಹೋಳು.

ವಕೀಲರು ಗಂಟಲು ಸರಿಮಾಡಿಕೊಂಡರು. "ಗುರಪ್ಪನವರ, ಗಂಡು ಮಗ ಹುಟ್ಟಿದ ಈ ಶುಭ ಸಂದರ್ಭದಾಗ, ಮಾತಿನ ಅರ್ಥದ ಬಗ್ಗೆ..."

"ಯಾರ ಹೇಳಿದ್ರಿ ಗಂಡು ಅಂತ?" ಸುಲ್ತಾನಬಿ ಒಳಗಿನಿಂದ ಬಿಸಿನೀರಿನ ಚರಿಗೆ ಹಿಡಿದು ಬಂದವಳು ಅಲ್ಲೇ ನಿಂತಳು. "ಹೆಣ್ಣು ಕೂಸದು."

ಶಮಶುದ್ದೀನ ತಲೆಯ ಮೇಲಿನ ಟೋಪಿ ತೆಗೆದ. ಪೇಢೆ ಬಾಯಿಗೆ ಹಾಕಿಕೊಂಡವರು ನುಂಗುವುದೋ ಉಗುಳುವುದೋ ತಿಳಿಯದೆ ನಿಂತರು.

"ಮತ್ತ ಗಂಗಾಳ?" ಎಂದ ಶಮಶುದ್ದೀನ, ಸಣ್ಣ ದನಿಯಲ್ಲಿ. "ಗಂಗಾಳ ಬಾರಿಸಿದ್ರಲ್ಲ?"

ಎಲ್ಲರೂ ಗುರಪ್ಪನತ್ತ ನೋಡಿದರು. ಎಂದೂ ಪದ್ಧತಿ ಮುರಿಯದ ಗುರಪ್ಪ ನೆಲ ನೋಡುತ್ತ ಹೇಳಿದ: "ಕೂಸು ಅತ್ತಿದ್ದು ಕೇಳಿಸ್ತು. ಇಷ್ಟ ವರ್ಷಕ್ಕ... ಗಂಡೋ ಹೆಣ್ಣೋ ಕೇಳಲಿಲ್ಲ. ಒನಕಿ ಕೈಗೆ ಸಿಕ್ತು." ಸ್ವಲ್ಪ ತಡೆದು, "ಆಮ್ಯಾಲೆ ಹೇಳಿದ್ರು ಹೆಣ್ಣು ಅಂತ. ಮತ್ತೂ ಒಂದ ಪೆಟ್ಟು ಹೊಡದೆ. ಆವಾಗ ಒಡೀತು."

ಈ ಮಾತಿನಿಂದ ಓಣಿಗೆ ಆದ ಆಘಾತ ಗಂಗಾಳ ಒಡೆದಾಗಲೂ ಆಗಿರಲಿಲ್ಲ. ಹೆಣ್ಣಿಗೆ ಗಂಗಾಳ ಬಾರಿಸಿದ ಗಂಡಸನ್ನು ಆ ಊರು ಅಲ್ಲಿಯ ತನಕ ಕಂಡಿರಲಿಲ್ಲ.

ವಕೀಲರು ಮಾತ್ರ ಬೇಗ ಎಚ್ಚರಾದರು. ಪರಪ್ಪನ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು: "ಇದು ಬ್ಯಾರೆ ಕೇಸಾತು. ಗಂಡಾಗಿದ್ರ ಮಾತು ಬಗ್ಗಿಸಬೇಕಾಗಿತ್ತು. ಹೆಣ್ಣಾಗೇತಿ, ಈಗ ಮಾತು ಗಟ್ಟಿ ಹಿಡೀರಿ. ಹೊಸ್ತಿಲ ದಾಟೂದಿಲ್ಲಂತ ಮರ್ಯಾದಿಲೆ ತಿರುಗಿ ಹೋಗಬಹುದು. ಯಾರೂ ಏನೂ ಅನ್ನಾಂಗಿಲ್ಲ."

ಒಳಗೆ ಲಕ್ಕವ್ವನಿಗೆ ಇದು ಕೇಳಿಸಿತೋ ಏನೋ, ಮಂಚದ ಸದ್ದಾಯಿತು. ಶಂಕ್ರೆವ್ವ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಓಣಿಯ ಅರ್ಧ ಮಂದಿ ಆಗಲೇ ತಲೆ ಆಡಿಸುತ್ತಿದ್ದರು: ಹೌದು, ಇನ್ನೇಕೆ ಬರುತ್ತಾನೆ? ಚಲೋ ನೆಪ ಸಿಕ್ಕಿತು. ಗುರಪ್ಪ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ಜನ್ಮದಲ್ಲಿ ಮೊದಲ ಸಲ ಅವನು ಅಳಿಯನ ಮಾತು ಮುರಿಯಲಿ ಎಂದು ಬಯಸುತ್ತಿದ್ದ. ಹಾಗೆಂದು ಬಾಯಿಬಿಟ್ಟು ಹೇಳುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮಾತನ್ನೇ ಆಡಿದ.

"ಅಳ್ಯಾರ... ನಿಮ್ಮದು ಕಂಚಿನ ಮಾತು."

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ದೊಡ್ಡ ಅಳುವಲ್ಲ, ಹಳೆಯ ಬಾಗಿಲು ಕಿರುಗುಟ್ಟಿದಷ್ಟು.

ಪರಪ್ಪ ಕತ್ತು ಚಾಚಿದ. "ಹಾಲು ಕುಡಿಸ್ಯಾರೇನರಿ ಅದಕ್ಕ?" ಎಂದು ಮಾವನನ್ನು ಕೇಳಿದ.

ಮತ್ತು ಉತ್ತರಕ್ಕೆ ಕಾಯದೆ, ಮಾವನ ಬಗಲಲ್ಲಿ ತೂರಿ ಒಳಗೆ ಹೋದ. ದಾಟಲೂ ಇಲ್ಲ, ಹೊಸ್ತಿಲ ಮೇಲೆ ಕಾಲಿಟ್ಟು, ಚಪ್ಪಲಿ ಸಮೇತ, ಚೆನ್ನಾಗಿ ತುಳಿದೇ ಹೋದ. ಕುಂಕುಮ ಹಚ್ಚಿದ ಹೊಸ್ತಿಲನ್ನು ಹಾಗೆ ಆ ಮನೆಯಲ್ಲಿ ಎಮ್ಮೆಯ ಕರುವೂ ತುಳಿದಿರಲಿಲ್ಲ.

"ಯಾ ಅಲ್ಲಾ!" ಎಂದಳು ಸುಲ್ತಾನಬಿ. ಅವಳ ಕೈಯ ಚರಿಗೆ ಕೆಳಗೆ ಬಿದ್ದು, ಉರುಳಿ, ವಕೀಲರ ಕಾಲಿಗೆ ಬಿಸಿನೀರು ಚೆಲ್ಲಿ ನಿಂತಿತು. "ತುಳದೇ ಬಿಟ್ರಲ್ಲಾ!"

ದಸ್ತಗೀರಸಾಬ ಓಡಿಬಂದು ಹೊಸ್ತಿಲನ್ನು ಮುಟ್ಟಿ ನೋಡಿದ, ಅದಕ್ಕೇನಾದರೂ ಆಗಿದೆಯೋ ಎಂಬಂತೆ.

ಗುರಪ್ಪ ತಿರುಗಿ ಖಾಲಿ ಪಡಸಾಲೆಯನ್ನು ನೋಡುತ್ತಲೇ ಇದ್ದ. "ಇಷ್ಟ ವರ್ಷ ನಾ ಅವನ್ನ ಕಂಚು ಅಂತ ತಿಳಕೊಂಡಿದ್ನಿ" ಎಂದ, ಯಾರಿಗೆಂದಿಲ್ಲದೆ.

"ಹಿತ್ತಾಳಿ ಅದಾನ," ಎಂದಳು ಶಂಕ್ರೆವ್ವ. "ದೇವರು ದೊಡ್ಡಾವ."

ಕೋಣೆಯಿಂದ ಲಕ್ಕವ್ವನ ದನಿ ಬಂತು: "ಮೊದಲ ಚಪ್ಪಲಿ ಕಳೀರಿ. ಕೈ ತೊಳಕೋರಿ. ಆ ರುಮಾಲ ಬ್ಯಾಡ, ಧೂಳ ಐತಿ. ಹಾಂ, ಈಗ ಹಿಡೀರಿ. ಕುತಗಿ ಕೆಳಗ ಕೈ ಇಡ್ರಿ. ಹಂಗಲ್ರೀ!"

ಪರಪ್ಪ ಕೊಟ್ಟ ಮಾತು ಮುರಿಯಿತು.